ಎಡಗಡೆಯ ಸೀಟು

ನಾಲ್ಕು ಬೋಲ್ಟು. ಹದಿನಾಲ್ಕರ ಸ್ಪ್ಯಾನರು.
ಕೊನೆಯದಕ್ಕೆ ತುಕ್ಕು ಹಿಡಿದಿತ್ತು; ಎಣ್ಣೆ ಬಿಟ್ಟು
ಒಂದು ಲೋಟ ಚಹಾ ಮುಗಿಯುವವರೆಗೆ ಕಾದ.
ಆಮೇಲೆ ನನ್ನ ಸೀಟನ್ನು ಎರಡೂ ತೋಳಲ್ಲಿ ಎತ್ತಿ ತಂದು
ಅಡುಗೆಮನೆಯ ಕಿಟಕಿಯ ಕೆಳಗೆ ಇಟ್ಟ.

‘ಬೇಸಗೆಯವರೆಗೆ ಮಾತ್ರ’ ಅಂದ ತೆತ್ಸುರೊ.

ಇವನು ಪಿಯಾನೊ ಶ್ರುತಿ ಮಾಡುವವನು.
ನೊಶಿರೊ ಬಿಟ್ಟು ಒಳಗೆ ಹೋದರೆ, ಬೆಟ್ಟದ ಸಂದಿಗಳಲ್ಲಿ
ಶಾಲೆಗೊಂದು ಪಿಯಾನೊ, ಹದಿನೇಳು ಮಕ್ಕಳ ಶಾಲೆಗೂ ಒಂದು.
ಮೊದಲೆಲ್ಲ ಊರೂರಿಗೆ ತಂಗುಮನೆ ಇತ್ತು,
ಬಿಸಿನೀರಿನ ತೊಟ್ಟಿ, ಸುಟ್ಟ ಮೀನು, ದಪ್ಪ ಹಾಸಿಗೆ.
ಒಂದೊಂದಾಗಿ ಬಾಗಿಲು ಹಾಕಿದವು.
ಪಿಯಾನೊಗಳು ಉಳಿದವು,
ತೇವಕ್ಕೆ ಉಬ್ಬಿ, ಚಳಿಗೆ ಕುಗ್ಗಿ,
ವರ್ಷಕ್ಕೊಮ್ಮೆ ಇವನಿಗೆ ಹೇಳಿಕಳಿಸುತ್ತ.
ಅರವತ್ತಾರರ ಕಣ್ಣಿಗೆ ಕತ್ತಲೆಯ ಘಾಟಿ ಬೇಡ,
ಕಾರಿನಲ್ಲೇ ಮಲಗುತ್ತೇನೆ ಅಂದ.

ಕಾರು ಅಂದರೆ ಎಂಥ ಕಾರು!
ಹಳದಿ ನಂಬರ್ ಪ್ಲೇಟಿನ ಒಂದು ಡಬ್ಬಿ.
ಅದರಲ್ಲಿ ನಾನು ಕೊಡೆ ಹಾಕುವುದಕ್ಕೂ
ಅಡ್ಡಡ್ಡ ಯೋಚಿಸಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಹಾಸಿಗೆ ಇನ್ನೂ ಹುಟ್ಟಿರಲಿಲ್ಲ.
ಚಾಪೆಯ ಮೇಲೆ ಅಂಗಾತ ಮಲಗಿದ,
ಟೇಪಿನ ತುದಿ ನಾನು ಹಿಡಿದೆ.
ನೂರ ಅರವತ್ತೊಂಬತ್ತು.
ಮದುವೆಯ ವರ್ಷ ನೂರ ಎಪ್ಪತ್ತೆರಡಿದ್ದ.
ಮೂರು ಸೆಂಟಿಮೀಟರು ಎಲ್ಲಿ ಹೋಯಿತೆಂದು
ಇಬ್ಬರೂ ಕೇಳಲಿಲ್ಲ.
ಉಪಕಾರವೇ ಆಯಿತು, ಅಷ್ಟೆ.

ಆಮೇಲೆ ಪ್ಲೈವುಡ್ಡು, ಕೀಲು, ಮಡಚುವ ಕಾಲು.
ಕಿಟಕಿಗೆ ನಿನ್ನೆಯ ಪೇಪರು ಒತ್ತಿ ಅಚ್ಚು ತೆಗೆದು
ಬೆಳ್ಳಿ ಬಣ್ಣದ ಹಾಳೆ ಕತ್ತರಿಸಿದೆವು, ಏಳು ತುಂಡು.
ಬೆನ್ನ ಮೇಲೆ ಅವನ ಕೈಬರಹದಲ್ಲಿ ಒಂದರಿಂದ ಏಳು.
ನಾಲ್ಕನೆಯದು ಇವತ್ತಿಗೂ ತಲೆಕೆಳಗು.
ಹಲಗೆಯ ಕೆಳಗೆ ತಂತಿಯ ಸುರುಳಿ, ಶ್ರುತಿಕವೆ, ಸ್ಟೌ,
ಒಂದೇ ಒಂದು ಬಟ್ಟಲು.

ಕಾರು ನಲವತ್ತು ದಾಟಿದರೆ ಹಲಗೆ ಎಲ್ಲೋ ಗುಂಯ್ ಅನ್ನುತ್ತಿತ್ತು.
ಬೇರೆಯವರಾಗಿದ್ದರೆ ರೇಡಿಯೊ ಹಾಕುತ್ತಿದ್ದರು.
ಇವನು ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ,
‘ಸ್ವರವಾದರೂ ಸರಿಯಾಗಿದ್ದರೆ! ಕೂದಲೆಳೆ ತಗ್ಗು’ ಅನ್ನುತ್ತ.
ಸಂದಿಗಳಿಗೆಲ್ಲ ಪಿಯಾನೊ ಸುತ್ತಿಗೆಯ ಹಳೇ ಫೆಲ್ಟು ತುರುಕಿದ.
ಕೊನೆಗೆ ಪೈನ್ ತೋಪಿನ ಹಿಂದಿನ ದಾರಿಯಲ್ಲಿ,
ಪೊಲೀಸರು ಕಂಡಿದ್ದರೆ ದಂಡ,
ಹಲಗೆಯ ಮೇಲೆ ನನ್ನನ್ನು ಕೂರಿಸಿ ಓಡಿಸಿದ.
ನಾನು ಕೂತರೆ ಸದ್ದಿಲ್ಲ.
ಇಳಿದರೆ ಶುರು.
‘ಮಿಸುಜು, ನಿನ್ನ ತೂಕ ಎಷ್ಟು?’
ಅಕ್ಕಿಮೂಟೆ ಕಟ್ಟಿಕೋ ಅಂದೆ.

ಮೊದಲ ರಾತ್ರಿಯ ಪರೀಕ್ಷೆ ನಮ್ಮ ಅಂಗಳದಲ್ಲೇ,
ಮಾರ್ಚಿಯ ಕೊಳಕು ಹಿಮದ ನಡುವೆ,
ನಮ್ಮ ಹಾಸಿಗೆಯಿಂದ ಹನ್ನೊಂದು ಹೆಜ್ಜೆ.
ಎರಡು ಗಂಟೆಗೆ ನಾನೇ ಎದ್ದು ಹೋಗಿ ಗಾಜು ತಟ್ಟಿದೆ.
ಒಳಗೆಲ್ಲ ಉಸಿರು ಹನಿಗಟ್ಟಿ ಇಳಿಯುತ್ತಿತ್ತು.
ಒಬ್ಬ ಮನುಷ್ಯನಲ್ಲಿ ಇಷ್ಟು ನೀರೇ?
‘ಕಿಟಕಿ ಎರಡು ಬೆರಳು ತೆರೆದಿಡಬೇಕಿತ್ತು’ ಅಂದ.
ಬಿಸಿನೀರಿನ ಚೀಲ ಕೊಟ್ಟೆ. ಒಳಗೆ ಬಾ ಅನ್ನಲಿಲ್ಲ.
‘ಆ ಕಡೆ ಚಳಿ ಹೇಗಿದೆ?’ ಅಂದೆ,
ದೂರದೂರಿಗೆ ಫೋನು ಮಾಡಿದವಳ ಹಾಗೆ.
‘ಪರವಾಗಿಲ್ಲ’ ಅಂದ, ‘ಇಲ್ಲಿ ನಕ್ಷತ್ರ ಕಾಣುತ್ತವೆ.’
ಏಳೂ ಹಾಳೆ ಹಾಕಿಕೊಂಡವನಿಗೆ ಎಲ್ಲಿಯ ನಕ್ಷತ್ರ!

ಈಗ ಹೋಗಿ ನಾಲ್ಕು ದಿನವಾಯಿತು.
ನಿನ್ನೆ ಹೆದ್ದಾರಿ ಬದಿಯ ತಂಗುದಾಣದಿಂದ ಫೋನು:
ಅಕ್ಕಿ ಸಾಲದು, ಇನ್ನೂ ಗುಂಯ್ ಅನ್ನುತ್ತಿದೆ.

ನಾನು ಕಿಟಕಿಯ ಕೆಳಗೆ ನನ್ನ ಸೀಟಿನಲ್ಲಿ ಕೂತು
ಅವರೆಯಂಥ ಯಾವುದೋ ಕಾಳು ಸುಲಿಯುತ್ತೇನೆ.
ಒರಗಲು ಸುಖ, ಹಿಂದಕ್ಕೂ ಬಾಗುತ್ತದೆ.
ಬೆಲ್ಟು ಮಾತ್ರ ಕಾರಿನ ಕಂಬಕ್ಕೇ ಅಂಟಿ ಅವನ ಜೊತೆ ಹೋಯಿತು.
ಅದು ಕಚ್ಚಿಕೊಳ್ಳುವ ಬಾಯಿ
ಇಲ್ಲಿ, ನನ್ನ ಬಲಗಡೆ, ತೆರೆದುಕೊಂಡಿದೆ.
ಒಂದು ಕಾಳು ಅದರೊಳಗೆ ಬಿತ್ತು.
ಇನ್ನೂ ತೆಗೆದಿಲ್ಲ.