ಇಪ್ಪತ್ತೆರಡು ಫ್ರಾಂಕು

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದೆ
ಲ್ವಾರ್ ನದಿಯ ದಂಡೆಗುಂಟ.
ಬೆಳಿಗ್ಗೆ ಮಕ್ಕಳನ್ನಿಳಿಸಿದರೆ ಸಂಜೆ ಹತ್ತಿಸಿಕೊಳ್ಳುವ ತನಕ
ನಡುವಿನ ಆರು ತಾಸು ನನ್ನವು.
ಯಾರ ಗೇಟಿನೆದುರು ನಿಲ್ಲಬೇಕು,
ಯಾರದನ್ನು ದಾಟಿ ಹೋಗಬೇಕು,
ಆಗಲೇ ಕಲಿತದ್ದು.

ಚಿನ್ನದಕ್ಷರದ ಬೋರ್ಡು, ಅಂಗಳಕ್ಕೆ ಬಿಳಿ ಜಲ್ಲಿ ಕಂಡರೆ
ಗೇರು ಬದಲಿಸದೆ ಮುಂದೆ ಸಾಗುತ್ತಿದ್ದೆ;
ಆ ಜಲ್ಲಿಯ ದುಡ್ಡೂ ಸೀಸೆಯೊಳಗೇ ಇರುತ್ತದೆ.
ನಿಲ್ಲುತ್ತಿದ್ದುದು ಟ್ರ್ಯಾಕ್ಟರಿನ ಟೈರಿಗೆ ತೇಪೆ ಬಿದ್ದಲ್ಲಿ,
ಹೆಸರಾಂತ ಇಳಿಜಾರಿನ ಬೇಲಿಗೆ ಮೈ ತಾಗಿಸಿಯೂ
ಹೆಸರು ಸಿಗದ ತುಂಡು ನೆಲ ಇರುವಲ್ಲಿ.
ಅದೇ ಬಿಸಿಲು, ಅದೇ ಸುಣ್ಣಗಲ್ಲು,
ಬೇಲಿಯ ಈಚೆಗೆ ಅರ್ಧ ಬೆಲೆ.

ಫಿರ್ಮ್ಯಾಂ ಲೆಗಾರೆಯದು ಅಂಥ ಅಂಗಳ.
ಆ ವರ್ಷ ಸೆಪ್ಟೆಂಬರ್ ಪೂರ್ತಿ ಮಳೆ.
ಪಟ್ಟಣದ ವರ್ತಕರು ಬಾಯಿ ಮುಕ್ಕಳಿಸಿ ಉಗಿದು, ಮೂಗು ಮುರಿದು
ಕಾರು ತಿರುಗಿಸಿಕೊಂಡು ಹೋದರು.
ನಾನೂ ಉಗಿದೆ, ಸಂಜೆ ಮಕ್ಕಳಿದ್ದರಲ್ಲ.
ಉಗಿದ ಮೇಲೂ ಅದು ಹೋಗಲಿಲ್ಲ.
ಒಗರು, ಹಸಿ ಮೆಣಸಿನಕಾಯಿ, ಆಗಷ್ಟೇ ಹೆರೆದ ಪೆನ್ಸಿಲ್ಲು,
ದವಡೆಯ ಹಿಂದೆ ಹುಳಿಯ ಒಂದು ಗಟ್ಟಿ ಎಳೆ,
ಅಮ್ಮ ಬಟ್ಟೆ ಒಣಹಾಕುತ್ತಿದ್ದ ತಂತಿಯ ಹಾಗೆ,
ಎಷ್ಟು ಹೊರಿಸಿದರೂ ಜಗ್ಗದ್ದು.
ಇದು ನಿಲ್ಲುತ್ತದೆ ಅಂದುಕೊಂಡೆ.
ಸೀಸೆಗೆ ಇಪ್ಪತ್ತೆರಡು ಫ್ರಾಂಕು. ಎರಡು ಡಜನ್ ಕೊಂಡು
ಖಾಲಿ ಬಸ್ಸಿನ ಸೀಟಿನಡಿ ಅಡ್ಡ ಮಲಗಿಸಿ ತಂದೆ.
ಗಂಡ ಅಲ್ಬ್ಯಾಂ ಬೆರಳು ಮಡಚಿ ಲೆಕ್ಕ ಹಾಕಿದ:
"ವಾಷಿಂಗ್ ಮೆಷಿನ್ನಿನ ಐದನೇ ಒಂದು ಪಾಲು!"

ಮನೆಯ ಹಿಂದಿನ ಬಂಡೆಯಲ್ಲಿ ಗುಹೆ,
ಮಾವನ ಕಾಲಕ್ಕೆ ಅಣಬೆ ಬೆಳೆಯುತ್ತಿದ್ದುದು.
ಸೆಕೆಗೂ ಚಳಿಗೂ ಅಲ್ಲಿ ಹನ್ನೆರಡೇ ಡಿಗ್ರಿ.
ಸೀಮೆಸುಣ್ಣದಲ್ಲಿ ಗೋಡೆಗೆ ಬರೆಯುತ್ತ ಹೋದೆ.
ಮೂರನೇ ವರ್ಷ: ಬಾಯಿ ಬಿಡುವುದಿಲ್ಲ.
ಆರು: ಇನ್ನೂ ಮುನಿಸು. ಸಾಸೇಜಿನ ಜೊತೆ ತುಸು ಸಡಿಲ.
ಎಂಟು: ಬಿರಡೆ ಕೆಟ್ಟು ಒದ್ದೆ ರಟ್ಟಿನ ವಾಸನೆ. ಅಡಿಗೆಗೂ ಬಾರದು.
ಹನ್ನೊಂದು: ಅಲ್ಬ್ಯಾಂ ಎರಡನೇ ಲೋಟ ಕೇಳಿದ,
ಮೆಷಿನ್ನಿನ ಮಾತೆತ್ತಲಿಲ್ಲ.

ತಾಳಿದವನು ಬಾಳಿಯಾನು, ನಿಜ.
ತಾಳುವುದಕ್ಕೆ ಅಗ್ಗದ್ದೇ ಬೇಕು ಅನ್ನುವುದನ್ನು ಯಾರೂ ಹೇಳುವುದಿಲ್ಲ.
ದುಬಾರಿಯದ್ದನ್ನು ಇಟ್ಟವರಿಗೆ ನಿದ್ದೆಯಿಲ್ಲ,
ರಾತ್ರಿ ಎದ್ದು ಹೋಗಿ ತಡವುತ್ತಾರೆ.
ನನ್ನದನ್ನು ನಾನು ಮರೆತೇಬಿಡಬಲ್ಲೆ.

ಹೋದ ಮಾರ್ಚಿನಲ್ಲಿ ಫಿರ್ಮ್ಯಾಂ ಬಂದ, ಟೋಪಿ ಕೈಯಲ್ಲಿ.
ಮಗಳು ಅಪೊಲಿನಳಿಗೆ ಮದುವೆ. ಹುಟ್ಟಿದ್ದು ಆ ಮಳೆಯ ವರ್ಷ.
"ನನ್ನ ಹತ್ತಿರ ಒಂದೂ ಇಲ್ಲ, ಮರಿವೋನ್.
ಮಾರದೆ ಉಳಿದದ್ದನ್ನೆಲ್ಲ ಭಟ್ಟಿಗೆ ಕಳಿಸಿದೆ.
ನಾನೇ ಅದನ್ನು ನಂಬಲಿಲ್ಲ."

ಉಳಿದಿದ್ದವು ಮೂರು.
ಒಂದನ್ನು ಗುಹೆಯ ಬಾಯಲ್ಲೇ ಬಿಚ್ಚಿದೆವು,
ಸಾಸಿವೆ ಡಬ್ಬಿಯ ಗಾಜಿನ ಲೋಟಗಳಲ್ಲಿ.
ಅಂಚಿಗೆ ಇಟ್ಟಿಗೆ ಬಣ್ಣ. ಒದ್ದೆ ಎಲೆ, ರಾಸ್‌ಬೆರಿ,
ಪೆನ್ಸಿಲ್ಲಿನ ಮೊನೆ ಮಾತ್ರ ಇನ್ನೂ ಮೊಂಡಾಗಿರಲಿಲ್ಲ.
ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ
"ಯಾರದು ಇದು?" ಅಂದ,
ಬೇರೆ ಯಾರೋ ಮಾಡಿಟ್ಟದ್ದೇನೋ ಎಂಬಂತೆ.

ಪರ್ಸು ತೆಗೆದ. ಎಷ್ಟು ಕೊಡಲಿ ಅಂದ.
ಸೀಸೆಯ ಕತ್ತಿನಲ್ಲಿ ಅವನದೇ ಕೈಬರಹದ ಚೀಟಿ.
"ಬರೆದಿದ್ದೀಯಲ್ಲ. ಇಪ್ಪತ್ತೆರಡು ಫ್ರಾಂಕು."
"ಆ ದುಡ್ಡು ಈಗ ಎಲ್ಲಿಯೂ ನಡೆಯುವುದಿಲ್ಲ."
"ಹುಡುಕಿ ತಾ."

ಮದುವೆಯ ಮರುವಾರ ಟಪಾಲು ಡಬ್ಬಿಯಲ್ಲಿ ಲಕೋಟೆ:
ಹತ್ತರ ನಾಣ್ಯ ನಾಲ್ಕು, ಎರಡರದು ಎರಡು.
ಯಾವ ಡ್ರಾಯರಿನ ತಳದಿಂದ ಹೆಕ್ಕಿದನೋ,
ಒಂದಕ್ಕೆ ಹೊಲಿಗೆದಾರ ಸುತ್ತಿಕೊಂಡಿತ್ತು.

ಇಪ್ಪತ್ತೆಂಟು: ಗೂಡು ಖಾಲಿ, ಎಂದು ಗೋಡೆಗೆ ಬರೆದೆ.

ಹೋದ ಸುಗ್ಗಿಗೆ ಅವನ ತೋಟಕ್ಕೆ ಆಲಿಕಲ್ಲು ಬಿದ್ದಿತ್ತಂತೆ,
ವರ್ತಕರು ಈ ಕಡೆ ತಲೆ ಹಾಕಿಲ್ಲವಂತೆ.
ನಾಳೆ ಹೋಗಿ ಬಾಯಿಗಿಟ್ಟು ನೋಡಬೇಕು.
ನನಗೀಗ ಅರವತ್ತೊಂಬತ್ತು.
ಎರಡು ಡಜನ್ ಸಾಕು.