ಮೋಡ ಕಟ್ಟುವುದು

ಕನ್ನಡದಲ್ಲಿ ಮೋಡ ತಾನೇ ಕಟ್ಟುತ್ತದೆ.
ಯಾರೂ ಇಟ್ಟಿಗೆ ಹೊರುವುದಿಲ್ಲ, ಗಾರೆ ಕಲಸುವುದಿಲ್ಲ.
'ಮೋಡ ಕಟ್ಟಿದೆ' ಅಂದರೆ ಸಾಕು,
ಹಪ್ಪಳ ಒಳಗೆ ಬರುತ್ತದೆ, ಬಟ್ಟೆ ಒಳಗೆ ಬರುತ್ತದೆ.

ಇಲ್ಲಿ, ಹಡರ್ಸ್‌ಫೀಲ್ಡಿನಲ್ಲಿ, ಕಾಲುವೆ ಪಕ್ಕದ
ಹಳೇ ಉಣ್ಣೆ ಗಿರಣಿಯ ನೆಲಮಾಳಿಗೆಯಲ್ಲಿ
ನಾವು ನಾಲ್ವರು ಮೋಡ ಕಟ್ಟಲು ಕೂತೆವು,
ಸ್ಕ್ರೂಡ್ರೈವರು ಹಿಡಿದು.

ವಿಶ್ವವಿದ್ಯಾಲಯದ ಗ್ರಂಥಾಲಯ ಎಸೆದ ಹನ್ನೊಂದು ಸರ್ವರು.
ಎರಡಕ್ಕೆ ಫ್ಯಾನಿಲ್ಲ. ಒಂದರ ಹೊಟ್ಟೆಯಲ್ಲಿ
ಯಾರದೋ ಕಾಲದ ಬಿಸ್ಕತ್ತಿನ ಪುಡಿ.
ಜುನೈರಾ ತಂತಿಗಳಿಗೆ ಬಣ್ಣ ಹಂಚಿದಳು:
ನೀಲಿ ದಾಸ್ತಾನಿಗೆ, ಹಳದಿ ಆಡಳಿತಕ್ಕೆ,
ಕೆಂಪು 'ಮುಟ್ಟಿದರೆ ಕೊಲ್ಲುತ್ತೇನೆ' ಎಂಬುದಕ್ಕೆ.
ಇಫೆಚಿ ಮೂರು ದಿನ ಕಪಾಟಿನಡಿ ಅಂಗಾತ ಮಲಗಿ
ನಮ್ಮ ಪಾದಗಳ ಜೊತೆ ಮಾತಾಡಿದ.
ಕ್ಯಾಲಮ್, ಮಾರ್ಸ್‌ಡೆನ್ ಗುಡ್ಡದ ಕುರಿಗಾರರ ಮೊಮ್ಮಗ,
ಯಂತ್ರಗಳಿಗೆ ಕುರಿತಳಿಗಳ ಹೆಸರಿಟ್ಟ:
ಸ್ವೇಲ್‌ಡೇಲ್, ಲಾಂಕ್, ಹರ್ಡ್‌ವಿಕ್, ಟೀಸ್‌ವಾಟರ್...
ನನ್ನ ಪಾಲಿಗೆ ಬಂದದ್ದು ಪಾಸ್‌ವರ್ಡು, ಚಹಾ,
ಮತ್ತೆ ಕರೆಂಟಿನ ಅರ್ಜಿ.

ಅರ್ಜಿ ಅಂದರೆ ಹೆಬ್ಲ್‌ಥ್ವೇಟ್.
(ಈ ಹೆಸರು ಬರೆಯುವಾಗ ನನ್ನ ಒತ್ತಕ್ಷರ
ಮೂರು ಸಲ ಎಡವಿದೆ.)
ಕಟ್ಟಡದ ಎಲೆಕ್ಟ್ರೀಷಿಯನ್. ಅರವತ್ತಮೂರು. ಕಿವಿಯ ಮೇಲೆ ಪೆನ್ಸಿಲ್.
ಮುದಿ ಎತ್ತಿನ ಹಲ್ಲು ನೋಡುವ ಹಾಗೆ
ಫ್ಯೂಸಿನ ಪೆಟ್ಟಿಗೆ ತೆರೆದು ನೋಡಿದ.
"ಹದಿನಾರು ಆಂಪಿಯರ್. ಮೇಲೆ ಒಂದು ಕೂದಲೂ ಇಲ್ಲ.
ಮೋಡವಂತೆ! ಹೊರಗಿರುವುದು ಸಾಲದೇ?"
ಹೊರಗೆ ನಿಜಕ್ಕೂ ಮೋಡ ಕಾಲುವೆಗೆ ಇಳಿದಿತ್ತು.
ಬಾತುಕೋಳಿಗಳು ಕೂಗುತ್ತಿದ್ದವು, ಕಾಣುತ್ತಿರಲಿಲ್ಲ.

ಹನ್ನೊಂದೂ ಒಟ್ಟಿಗೆ ಎದ್ದಾಗ ಆ ಸದ್ದು!
ನಾವು ಕಿರುಚಿದೆವು, ಕೈ ಬೀಸಿದೆವು, ಕಾಗದದಲ್ಲಿ ಬರೆದೆವು.
ಅವನು ಮಾತ್ರ ದನಿ ಎತ್ತಲೇ ಇಲ್ಲ.
ತುಟಿ ಅಗಲಿಸಿ, ಚಾಚಿ, ಒಂದೊಂದೇ ಪದವನ್ನು
ಗಾಳಿಯಲ್ಲಿ ಒತ್ತಿ ಇಟ್ಟ.
ಅವನ ತಾಯಿ ಇದೇ ಕಟ್ಟಡದಲ್ಲಿ, ನಮ್ಮ ತಲೆಯ ಮೇಲಿನ ಮಹಡಿಯಲ್ಲಿ
ಇಪ್ಪತ್ತಾರು ವರ್ಷ ಮಗ್ಗ ನಡೆಸಿದವಳು.
ಕಿವಿ ಹೋದಮೇಲೂ ಗೆಳತಿಯರ ಜೊತೆ ಹರಟೆ ನಿಲ್ಲಲಿಲ್ಲವಂತೆ.
ಮನೆಯಲ್ಲೂ ಅಷ್ಟೇ, ಊಟಕ್ಕೆ ಕೂತಾಗ
ತುಟಿಯಲ್ಲೇ ಗದರುತ್ತಿದ್ದಳಂತೆ,
ನೋಡದೆ ಇದ್ದರೆ ಬಚಾವು.

ಪರೀಕ್ಷೆಯ ರಾತ್ರಿ. ಯಾವುದಾದರೂ ಒಂದು ತಂತಿ ಕೀಳಬೇಕು.
ನಾವೇ ಕಿತ್ತರೆ ಅದು ಮೋಸ;
ಯಾವುದು ಸಾಯಬಾರದೆಂದು ಕೈಗೆ ಗೊತ್ತಿರುತ್ತದೆ.
"ನೀವೇ ಕೀಳಿ" ಎಂದೆವು.
ಕನ್ನಡಕ ಏರಿಸಿ, ಲಾಂಕ್‌ನ ಕೊರಳಿಗೆ ಕೈ ಹಾಕಿ
ಎಳೆದ.

ಹಸಿರು ದೀಪ ಆರಿತು.
ಪರದೆಯ ಮೇಲೆ ಎಲ್ಲ ನಿಂತಿತು.
ಜುನೈರಾ ಉಗುರು ಕಚ್ಚಿದಳು, ನನ್ನ ಉಗುರು.
ಆಮೇಲೆ, ಕಲ್ಲುಗೋಡೆಯ ಸಂದಿಯಲ್ಲಿ ಮೊದಲ ಕುರಿ ನುಸುಳಿದ್ದೇ
ಉಳಿದವೂ ನುಸುಳುವ ಹಾಗೆ
ಲಾಂಕ್‌ನ ಕೆಲಸವೆಲ್ಲ ಒಂದರ ಹಿಂದೊಂದು
ಸ್ವೇಲ್‌ಡೇಲಿನ ಹೊಲಕ್ಕೆ ದಾಟಿತು.
ಯಾರದೋ ಪ್ರಬಂಧದ ಮೂರನೇ ಅಧ್ಯಾಯ
ಒಂದು ಅಲ್ಪವಿರಾಮವೂ ಕಳೆಯದೆ ಎದ್ದು ಕೂತಿತು.

ಕಿತ್ತ ತಂತಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ.
ತುಟಿ ಕೇಳಿತು: ಇದರೊಳಗಿದ್ದದ್ದು ಎಲ್ಲಿಗೆ ಹೋಯಿತು?
ಗಡಿಬಿಡಿಯಲ್ಲಿ ನಾನು ಕನ್ನಡದಲ್ಲೇ, ದನಿಯಿಲ್ಲದೆ,
ತುಟಿ ಕೂಡಿಸಿ ಬಿಡಿಸಿ
ಅಂದೆ: ಮೋಡ.

ಹುಬ್ಬು ಗಂಟಿಕ್ಕಿ ಓದಿದ.
"ಮೋರ್?" ಎಂದ, ಮೊದಲ ಸಲ ಜೋರಾಗಿ.
"ಇನ್ನೂ ಬೇಕಾ ನಿಮಗೆ? ಹದಿನಾರು ಅಂದೆನಲ್ಲ!"
ಬೈಯುತ್ತಲೇ ಮೆಟ್ಟಿಲು ಹತ್ತಿ ಹೋದ.
ಏಣಿ ಹೊತ್ತು ಬಂದ.