ಪಂಚನಾಮೆ

ತಿಂಗಳ ಕಡೀ ಶುಕ್ರವಾರ, ಸಂಜಿಕ,
ನನ್ನ ಅಂಗಡಿ ಮುಂದ ಇನ್ನೂರು ಸೈಕಲ್ಲು.
ಕಸಬಾ ಪೇಠದ ಓಣಿ ತುಂಬ ಗಂಟಿ ಸಪ್ಪಳ.
ನಾಕು ಮನಿ ಭಾಂಡೆ ತಿಕ್ಕಿ ಬಂದ ಚಂದ್ರಭಾಗಾಬಾಯಿ,
ಖಡಕಿ ಕಾರ್ಖಾನಿಯಿಂದ ರಿಟೈರಾದ ಸಾಳವಿ ಮಾಮಾ,
ಬ್ರೇಕೇ ಇಲ್ಲದ ಒಬ್ಬ ಪೋರ.
"ಗುರುಲಿಂಗಣ್ಣಾ, ಹವಾ."

ಫೌಜದಾರ ಬಂದು ಕೇಳಿದ:
ಮೋರ್ಚಾ ಏನಿದು? ಪರವಾನಗಿ ಎಲ್ಲೈತಿ?
ಐದು ಮಂದಿ ಕೂಡಬಾರದಂತ ಆರ್ಡರ್ ಐತಿ.

"ಕೂಡಿಲ್ಲರೀ ಸಾಹೇಬರ," ಅಂದಳು ಚಂದ್ರಭಾಗಾಬಾಯಿ,
"ಹೊಂಟೀವಿ.
ದಿನಾ ಒಬ್ಬೊಬ್ಬರೇ ಹೋಗತಿದ್ವಿ,
ನಿಮ್ಮ ಕಣ್ಣಿಗೆ ಬೀಳಲಿಲ್ಲ.
ಡಂಪರಿನ ಕಣ್ಣಿಗೂ ಬೀಳಲಿಲ್ಲ."
ಹಂಗ ಅಂದಾಕಿನ ಪೆಡಲ್ ತುಳಿದಳು.
ಹಿಂದ ಎಲ್ಲಾರೂ.

ಉಳಿದಾಂವ ನಾನೊಬ್ಬ.
ಮುಂದಾಳು ಯಾರು ಅಂತ ಕೇಳಿದರು.
ಮುಂದಿನ ಗಾಲಿ, ಹಿಂದಿನ ಗಾಲಿ ಗೊತ್ತು ನನಗ;
ಮುಂದಾಳು ಗೊತ್ತಿಲ್ಲ.
ಕಡೀಕ ಪಂಪೇ ಜಪ್ತಿ ಮಾಡಿದರು.
ಬರಕೊಂಡರು: ಹಿತ್ತಾಳಿ ಪಂಪು ಒಂದು,
ಕಟ್ಟಿಗಿ ಹಿಡಿಕಿ, ತುಸು ಸೀಳಿದ್ದು.
ಕನ್ನಡದಾಗ ಸಹಿ ಮಾಡಿದೆ.
ಕಾಗದಾ ತಿರುವಿ ತಿರುವಿ ನೋಡಿದರು.

ಹವಾ ಮಾತ್ರ ಬರಕೊಳ್ಳಲಿಲ್ಲ.
ಅದು ಆಗಲೇ ನಾನೂರು ಗಾಲಿಯೊಳಗ
ಲಕ್ಷ್ಮೀ ರೋಡ್ ದಾಟಿತ್ತು.

ಅಂಗಡಿ ಗ್ವಾಡಿಗೆ
ಪೇಪರಿನ ಹುಡುಗ ಸೋಪಾನನ ಮುಂದಿನ ಗಾಲಿ ತೂಗೇತಿ.
ಡೊಂಕಾಗಿತ್ತು. ಮೂರನೇ ದಿನಕ್ಕ
ಅವರಪ್ಪನ ತಂದು ಕೊಟ್ಟು ಹೋದ, ಯಾಕಂತ ಹೇಳಲಿಲ್ಲ.
ಕಡ್ಡಿ ಒಂದೊಂದಾಗಿ ಬಿಗಿದು ನೆಟ್ಟಗ ಮಾಡೀನಿ.
ಒಯ್ಯಾಕ ಯಾರೂ ಬಂದಿಲ್ಲ.

ಆ ರಾತ್ರಿ ಒಂದು ಬೆರಳಿಂದ ತಿರುವಿದೆ.
ಭಾಳ ಹೊತ್ತು ತಿರುಗಿತು,
ಎಲ್ಲೂ ತಾಗದ.